ಗೊಮ್ಮಾರ್ ನಾಲ್ಕು ಸಲ ‘ಇಲ್ಲ’ ಎಂದದ್ದು

ಹಿಲ್ಕೆ: ಈಜುಕೊಳ ಎಲ್ಲಿದೆ ಅಂತ ಕೇಳ್ದೆ.

ಗೊಮ್ಮಾರ್: ಯಾವ ಈಜುಕೊಳ?

ಹಿಲ್ಕೆ: ಬಿಸಿನೀರಿನ ಈಜುಕೊಳ. ಇಪ್ಪತ್ತೈದು ಮೀಟರ್ ಉದ್ದ. ನಮ್ಮ ಮೈದಾನದ ಪಕ್ಕದಲ್ಲೇ ಇದೆಯಂತೆ. ಈ ಪಟ್ಟಿಯಲ್ಲಿ ಅಚ್ಚಾಗಿದೆ, ನೋಡು.

ಗೊಮ್ಮಾರ್: ಮೈದಾನದ ಪಕ್ಕದಲ್ಲಿ ಗೊಬ್ಬರದ ಗುಂಡಿ ಇದೆ. ಅದೂ ಬಿಸಿಯಾಗೇ ಇರುತ್ತೆ, ಇಲ್ಲ ಅನ್ನಲ್ಲ.

ಹಿಲ್ಕೆ: ನಗಿಸ್ಬೇಡ ನನ್ನ. ನಗೋ ಹೊತ್ತಲ್ಲ ಇದು.

ನಾನು ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟಾಗ ಗಂಡ ಹೆಂಡತಿಯ ಮಾತು ಇಲ್ಲಿಗೆ ಬಂದು ಮುಟ್ಟಿತ್ತು. ನಾನು ರೊಂಬೌಟ್, ಬೆಲ್ಜಿಯಂ ಗಡಿಯ ಊರಾದ ಬ್ರೂಕ್‌ಹೋವೆಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಮೂವತ್ತು ವರ್ಷ ಇದೇ ಊರಿನಲ್ಲಿ ಅಂಚೆ ಹಂಚಿದವನು. ಗೊಮ್ಮಾರ್ ಕ್ಲಬ್ಬಿನ ಅಧ್ಯಕ್ಷ. ಹುಲ್ಲು ಕತ್ತರಿಸುವವನೂ ಗೆರೆ ಎಳೆಯುವವನೂ ಗೋಲಿನ ಬಲೆ ಹೊಲಿಯುವವನೂ ಅವನೇ. ಹೆಂಡತಿ ಹಿಲ್ಕೆ ಗಡಿಯಾಚೆಯ ಹಾಲೆಂಡಿನವಳು, ನಮ್ಮ ಹುಡುಗಿಯರ ತಂಡದ ಕೋಚು.

ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಮೂರೂ ಸೇರಿಕೊಂಡು ಫುಟ್‌ಬಾಲ್ ವಿಶ್ವಕಪ್ಪನ್ನು ನಾವು ನಡೆಸುತ್ತೇವೆಂದು ಅರ್ಜಿ ಹಾಕಿದ್ದವು. ಒಬ್ಬೊಬ್ಬರೇ ನಡೆಸೋಣವೆಂದರೆ ಯಾರಿಗೂ ಅಷ್ಟು ಜಾಗವಿಲ್ಲ. ಬರುವ ತಂಡಗಳ ಅಭ್ಯಾಸಕ್ಕೆ ಮೂರೂ ದೇಶದ ಜಂಟಿ ಕಚೇರಿಯವರು ಗಡಿಯ ಊರುಗಳಲ್ಲಿ ಮೈದಾನ ಹುಡುಕುತ್ತಿದ್ದರು. ಆರಿಸಿದ ಮೈದಾನಕ್ಕೆ ಹೊಸ ಹುಲ್ಲನ್ನೂ, ನೀರು ಬಸಿದು ಹೋಗಲು ನೆಲದಡಿಯ ಕೊಳವೆಯನ್ನೂ ಅವರೇ ಹಾಕಿಸಿಕೊಡುತ್ತಾರೆ. ವಿಶ್ವಕಪ್ಪು ಯಾರ ಮನೆಗಾದರೂ ಹೋಗಲಿ, ನಮಗೆ ಬೇಕಾಗಿದ್ದದ್ದು ಆ ಕೊಳವೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ನಮ್ಮ ಮೈದಾನದಲ್ಲಿ ಆಡುವುದು ಬಾತುಕೋಳಿಗಳು. ಇನ್ನೊಂದು ಚಳಿಗಾಲ ಹೀಗೇ ಪಂದ್ಯಗಳು ರದ್ದಾದರೆ ಹುಡುಗಿಯರ ತಂಡವನ್ನು ಲೀಗಿನಿಂದ ತೆಗೆದುಹಾಕುತ್ತೇವೆ ಎಂದು ಪತ್ರ ಬಂದಿತ್ತು. ಆ ಪತ್ರ ಓದಿ ಹಿಲ್ಕೆ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಲೆಂಡಿನವರು ಅಳುವುದು ಕೂಡ ಎದುರಿಗೆ ನಿಂತು, ಜೋರಾಗಿ.

ಹಿಲ್ಕೆ: ಬಾ ರೊಂಬೌಟ್, ಸರಿಯಾದ ಹೊತ್ತಿಗೆ ಬಂದೆ. ನಿಮ್ಮ ಅಧ್ಯಕ್ಷರು ಊರಲ್ಲಿ ಏನೇನು ಕಟ್ಟಿಸಿದ್ದಾರೆ ಕೇಳು.

ಕಾಫಿ ಬಗ್ಗಿಸಿದಳು. ತಲೆಗೊಂದರಂತೆ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು. ಇಪ್ಪತ್ತೆರಡು ವರ್ಷ ನಮ್ಮೂರಲ್ಲಿ ಸಂಸಾರ ಮಾಡಿದರೂ ಒಂದರ ಮೇಲೆ ಇನ್ನೊಂದು ಬಿಸ್ಕತ್ತು ಕೊಡದ ಆ ಮುಚ್ಚಳ ಮಾತ್ರ ಹಾಲೆಂಡಿನದೇ.

ಹಿಲ್ಕೆ (ಜಂಟಿ ಕಚೇರಿ ಕಳಿಸಿದ ಪಟ್ಟಿ ಓದುತ್ತಾ): “ಬ್ರೂಕ್‌ಹೋವೆ. ಬಿಸಿನೀರಿನ ಈಜುಕೊಳ, ಇದೆ. ಅರವತ್ತು ಕೋಣೆಗಳ ಹೋಟೆಲು, ಇದೆ. ಹೆಲಿಕಾಪ್ಟರ್ ಇಳಿಯಲು ಜಾಗ, ಇದೆ. ನಾನೂರು ಕಾರು ನಿಲ್ಲಿಸಲು ಜಾಗ, ಇದೆ. ಖಚಿತಪಡಿಸಿದವರು: ಕ್ಲಬ್ಬಿನ ಅಧ್ಯಕ್ಷರು, ಫೋನಿನಲ್ಲಿ.” ಪರೀಕ್ಷಕರು ನಾಳೆ ಹನ್ನೆರಡು ಗಂಟೆಗೆ ಬರ್ತಿದ್ದಾರೆ. ಈಜೋ ಚಡ್ಡಿ, ಟವೆಲ್ಲು ತಂದ್ರೂ ತಂದಾರು.

ಗೊಮ್ಮಾರ್: ನಾನು ಒಂದಕ್ಕೂ ಹೌದು ಅಂದಿಲ್ಲ. ನಾಲ್ಕು ಸಲ ಕೇಳಿದ್ಲು, ನಾಲ್ಕು ಸಲಾನೂ ಇಲ್ಲ ಅಂದೆ.

ಹಿಲ್ಕೆ: ‘ಇಲ್ಲ’ ಅಂತ ಬಾಯಿಬಿಟ್ಟು ಹೇಳಿದ್ಯಾ?

ಗೊಮ್ಮಾರ್: ಬಾಯಿಬಿಟ್ಟು ಯಾರಾದ್ರೂ ಹೇಳ್ತಾರಾ? ಆ ಹುಡುಗಿ ಪಾಪ, ಎಷ್ಟು ಮರ್ಯಾದೆಯಿಂದ ಕೇಳಿದ್ಲು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕಾಗುತ್ತಾ?

ಹಿಲ್ಕೆ: ಯಾವ ಹುಡುಗಿ?

ಗೊಮ್ಮಾರ್: ಮೂರು ದೇಶದ ಜಂಟಿ ಕಚೇರಿಯವಳು. ಫ್ರೌಕೆ ಅಂತ. ನಿಮ್ಮ ಕಡೆಯವಳೇ.

ಹಿಲ್ಕೆ: ಈಜುಕೊಳ ಇದೆಯಾ ಅಂತ ಫ್ರೌಕೆ ಕೇಳ್ದಾಗ ನೀನೇನಂದೆ? ಒಂದಕ್ಷರ ಬಿಡದೆ ಹೇಳು.

ಗೊಮ್ಮಾರ್: “ಈಜುಕೊಳಾನಾ? ಒಳ್ಳೆ ಯೋಚನೆ” ಅಂದೆ.

ಹಿಲ್ಕೆ: ಇದು ‘ಇಲ್ಲ’ನಾ?

ಗೊಮ್ಮಾರ್: ಮತ್ತಿನ್ನೇನು? ರೊಂಬೌಟ್, ನೀನೇ ಹೇಳಯ್ಯ.

ನಾನು: ಇಲ್ಲ ಅಂತಾನೇ. ಮಕ್ಕಳಿಗೂ ಗೊತ್ತಾಗುತ್ತೆ.

ಹಿಲ್ಕೆ: ಹೋಟೆಲಿಗೆ?

ಗೊಮ್ಮಾರ್: “ಅದನ್ನ ಸ್ವಲ್ಪ ವಿಚಾರ ಮಾಡ್ಬೇಕಾಗುತ್ತೆ” ಅಂದೆ.

ನಾನು: ಛೆ, ಅಷ್ಟು ಕಡ್ಡಿ ಮುರಿದ ಹಾಗೆ ಹೇಳ್ಬಾರ್ದಿತ್ತು ಗೊಮ್ಮಾರ್.

ಗೊಮ್ಮಾರ್: ಆಮೇಲೆ ನನಗೂ ಬೇಜಾರಾಯ್ತು.

ಹಿಲ್ಕೆ: ಹೆಲಿಕಾಪ್ಟರಿಗೆ?

ಗೊಮ್ಮಾರ್: ಏನೂ ಹೇಳ್ಲಿಲ್ಲ. ಒಂದು ಹತ್ತು ಸೆಕೆಂಡು ಸುಮ್ನಿದ್ದೆ. ಆಮೇಲೆ ನಿಮ್ಮ ಕಡೆ ಮಳೆ ಹೇಗೆ ಅಂತ ವಿಚಾರಿಸ್ದೆ.

ನಾನು: ಮಳೆ ಮಾತು ಎತ್ತಿದ ಮೇಲೂ ಅವಳಿಗೆ ತಿಳೀಲಿಲ್ವಾ?

ಗೊಮ್ಮಾರ್: ಎಲ್ಲಿ! “ಹೆಲಿಕಾಪ್ಟರ್ ಇಳಿಯೋಕೆ ಮಳೆ ಏನೂ ತೊಂದ್ರೆ ಇಲ್ಲ” ಅಂದ್ಲು.

ಹಿಲ್ಕೆ: ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದ್ದಾಳೆ ಮಗು! ಹೂಂ, ನಾನೂರು ಕಾರಿಗೆ?

ಗೊಮ್ಮಾರ್: ಅಷ್ಟೊತ್ತಿಗೆ ನನ್ನ ತಾಳ್ಮೆ ಕೆಟ್ಟಿತ್ತು. “ಖಂಡಿತ, ಖಂಡಿತ, ಮುಂದೆ ಯಾವತ್ತಾದ್ರೂ ಮಾತಾಡೋಣ” ಅಂದು ಫೋನ್ ಇಟ್ಬಿಟ್ಟೆ.

ನಾನು: ಎರಡು ಸಲ ‘ಖಂಡಿತ’ ಅಂದ್ಯಾ?

ಗೊಮ್ಮಾರ್: ಎರಡು ಸಲ. ಸಿಟ್ಟು ಬಂದಿತ್ತು ಕಣಯ್ಯ, ತಪ್ಪಾಯ್ತು.

ಹಿಲ್ಕೆ ತಲೆಯ ಮೇಲೆ ಕೈ ಹೊತ್ತು ಕೂತಳು. ನನಗೆ ಆ ಫ್ರೌಕೆಯ ಮೇಲೆ ಕೋಪವೇನೂ ಬರಲಿಲ್ಲ. ಹಾಲೆಂಡಿನವರದೂ ನಮ್ಮದೂ ಒಂದೇ ಭಾಷೆ, ಅದೇ ಬ್ರೆಡ್ಡು, ಅದೇ ಮಳೆ. ಆದರೆ ಅವರು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಿ ಊಟಕ್ಕೆ ಏಳುತ್ತಾರೆ. ನಾವು ಯಾರ ಮನಸ್ಸನ್ನೂ ನೋಯಿಸದೆ ಸಾಯಬೇಕೆಂದು ಹುಟ್ಟಿದವರು.

ಹಿಲ್ಕೆ: ಇವೆರಡು ದೇಶ ಒಟ್ಟಿಗೆ ವಿಶ್ವಕಪ್ ನಡೆಸ್ತಾವಂತೆ! ಫೈನಲ್ ನಮ್ಮಲ್ಲೇ ಆಗ್ಲಿ ಅಂತ ನಾವು ಕೇಳ್ತೀವಿ, ನೀವು “ಒಳ್ಳೆ ಯೋಚನೆ” ಅಂತೀರಿ. ಕೊನೇಗೆ ಒಂದೇ ದಿನ ಎರಡು ಊರಲ್ಲಿ ಫೈನಲ್ಲು, ಒಂದೊಂದು ಊರಿಗೆ ಒಂದೊಂದೇ ತಂಡ.

ಗೊಮ್ಮಾರ್: ಮಧ್ಯದಲ್ಲಿ ಲಕ್ಸೆಂಬರ್ಗಿನವರು ಇದ್ದಾರಲ್ಲ.

ಹಿಲ್ಕೆ: ಇದ್ದು ಏನು ಮಾಡ್ತಾರೆ?

ಗೊಮ್ಮಾರ್: ಇಬ್ಬರಿಗೂ ತಲೆಯಾಡಿಸ್ತಾರೆ.

ಹಿಲ್ಕೆ ತಲೆಯಿಂದ ಕೈ ತೆಗೆದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಹಿಲ್ಕೆ: ತಾಳು. ಒಂದು ನಿಮಿಷ ತಾಳು. ಇಪ್ಪತ್ತೆರಡು ವರ್ಷದ ಹಿಂದೆ ಸಮುದ್ರದ ದಂಡೆಗೆ ಹೋಗಿದ್ವಿ. ಊಟಕ್ಕೆ ಕೂತಿದ್ವಿ. ನನ್ನ ಮದುವೆ ಆಗ್ತೀಯಾ ಅಂತ ನಾನು ಕೇಳ್ದೆ.

ಗೊಮ್ಮಾರ್: ರೊಂಬೌಟ್, ಇನ್ನೊಂಚೂರು ಕಾಫಿ ತಗೋ.

ಹಿಲ್ಕೆ: ಅವನಿಗೆ ಕಾಫಿ ಇದೆ. ಆಗ ನೀನೇನಂದೆ? “ಇಲ್ಲಿ ಸೀಗಡಿ ಎಷ್ಟು ಚೆನ್ನಾಗಿದೆ, ಇನ್ನೊಂದು ತಟ್ಟೆ ತರಿಸೋಣ್ವಾ” ಅಂದೆ. ನಾನು ಸಂತೋಷ ತಡೀಲಾರದೆ ಅಳ್ತಾ ಎರಡೂ ತಟ್ಟೆ ತಿಂದೆ. ಮಾರನೇ ದಿನಾನೇ ಹೋಗಿ ಪುರಸಭೆಯಲ್ಲಿ ತಾರೀಖು ಗೊತ್ತು ಮಾಡ್ಕೊಂಡು ಬಂದೆ.

ನಾನು ಮೇಜಿನ ಬಟ್ಟೆಯ ಹೂಗಳನ್ನು ಎಣಿಸತೊಡಗಿದೆ.

ಹಿಲ್ಕೆ: ರೊಂಬೌಟ್. ನೀನೂ ಈ ಊರಲ್ಲೇ ಹುಟ್ಟಿದವನು. ಸೀಗಡಿ ಅಂದ್ರೆ ಏನು?

ನಾನು: ಅದು... ಒಳ್ಳೆ ಪ್ರಶ್ನೆ ಹಿಲ್ಕೆ.

ಹಿಲ್ಕೆ: ಅಯ್ಯೋ ದೇವರೇ!

ಗೊಮ್ಮಾರ್: ಮೊದ್ಲು ಮೈದಾನದ ವಿಷಯ ಮುಗಿಸೋಣ್ವಾ?

ಹಿಲ್ಕೆ: ಸರಿ. ಮೊದ್ಲು ಮೈದಾನ. ಆಮೇಲೆ ನೀನು.

ಫೋನು ಎತ್ತಿಕೊಂಡು ಹೊರಗಿನ ಮೊಗಸಾಲೆಗೆ ಹೋದಳು. ಬಾಗಿಲು ಹಾಕಿದ್ದರೂ ಅವಳ ದನಿ ಕೇಳುತ್ತಿತ್ತು. “ಈಜುಕೊಳ ಇಲ್ಲ. ಹೋಟೆಲು ಇಲ್ಲ. ಹೆಲಿಕಾಪ್ಟರ್ ಇಳಿಸಿದ್ರೆ ಮುಳುಗುತ್ತೆ.” ಪ್ರತಿಯೊಂದು ‘ಇಲ್ಲ’ಕ್ಕೂ ಗೊಮ್ಮಾರ್ ಬೆಚ್ಚಿಬೀಳುತ್ತಿದ್ದ. ಎರಡೇ ನಿಮಿಷ. ಮುಖವರಳಿಸಿಕೊಂಡು ಒಳಗೆ ಬಂದಳು.

ಹಿಲ್ಕೆ: ನೋಡಿದ್ರಾ? ಇಷ್ಟೇ ಕೆಲಸ. ಫ್ರೌಕೆ ಇರ್ಲಿಲ್ಲ, ಅವಳ ಮೇಲಧಿಕಾರಿ ಸಿಕ್ಕಿದ್ರು. ಎಂಥಾ ಒಳ್ಳೆ ಮನುಷ್ಯ! ಇರೋದನ್ನ ಇದ್ದ ಹಾಗೆ ಹೇಳ್ದೆ. ನಮಗೆ ಬೇಕಿರೋದು ಒಂದು ಕೊಳವೆ, ನಾಳೆ ಬಂದು ಮೈದಾನ ನೋಡಿ ಅಂದೆ.

ಗೊಮ್ಮಾರ್: ಏನಂದ್ರು?

ಹಿಲ್ಕೆ: “ನಿಮ್ಮ ನೇರ ಮಾತು ಕೇಳಿ ಬಹಳ ಸಂತೋಷ ಆಯ್ತು. ನಿಮ್ಮ ಊರನ್ನ ಖಂಡಿತವಾಗಿ ಗಮನದಲ್ಲಿ ಇಟ್ಕೊಳ್ತೀವಿ” ಅಂದ್ರು.

ಗೊಮ್ಮಾರನೂ ನಾನೂ ಮುಖ ಮುಖ ನೋಡಿಕೊಂಡೆವು.

ನಾನು: ಎಲ್ಲಿಯವರಂತೆ ಅವರು?

ಹಿಲ್ಕೆ: ಗೆಂಟ್ ಕಡೆಯವರಂತೆ, ನಿಮ್ಮ ದೇಶದವರೇ. ಯಾಕೆ? ಫೋನ್ ಇಡೋ ಮುಂಚೆ, ಈ ವರ್ಷ ನಿಮ್ಮ ತೋಟದಲ್ಲಿ ಹೂವು ಹೇಗೆ ಬಿಟ್ಟಿದೆ ಅಂತಾನೂ ವಿಚಾರಿಸಿದ್ರು.

ನಾನು: ಹೂವಿನ ವಿಷಯಾನೂ ಕೇಳಿಬಿಟ್ರಾ?

ಗೊಮ್ಮಾರ್: ಮುಗೀತು.

ಹಿಲ್ಕೆ: ಏನು ಮುಗೀತು? ಅವರು... ಓ. ಅದೂ ‘ಇಲ್ಲ’ನಾ?

ನಾನು ತಲೆಯಾಡಿಸಿದೆ. ಅವಳು ಕುರ್ಚಿಯಲ್ಲಿ ಕುಸಿದಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಹಿಲ್ಕೆ: ಹದಿನಾಲ್ಕು ಹುಡುಗೀರು, ಗೊಮ್ಮಾರ್. ಮಂಗಳವಾರ ಬೂಟು ಕಟ್ಕೊಂಡು ನಿಂತಿರ್ತಾರೆ. ಏನಂತ ಹೇಳ್ಲಿ ಅವರಿಗೆ? ಒಳ್ಳೆ ಯೋಚನೆ ಅಂತ ಹೇಳ್ಲಾ?

ಗೊಮ್ಮಾರ್ ಅವಳನ್ನೇ ನೋಡುತ್ತಿದ್ದ. ಎದ್ದ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಅವಳ ಕೈಯಿಂದ ಫೋನು ತೆಗೆದುಕೊಂಡ.

ಗೊಮ್ಮಾರ್ (ಫೋನಿನಲ್ಲಿ): ನಾನು ಬ್ರೂಕ್‌ಹೋವೆ ಕ್ಲಬ್ಬಿನ ಅಧ್ಯಕ್ಷ. ಈಗ ತಾನೇ ಮಾತಾಡಿದ್ದು ನನ್ನ ಹೆಂಡ್ತಿ... ಹೌದು, ಬಿಸಿಲು ಚೆನ್ನಾಗಿದೆ. ಇಲ್ಲಿ ಕೇಳಿ. ನೀವು ಅವಳಿಗೆ ಇಲ್ಲ ಅಂದ್ರಿ... ಅಂದ್ರಿ ಸ್ವಾಮಿ. ಅವಳಿಗೆ ಗೊತ್ತಾಗ್ಲಿಲ್ಲ, ನನಗೆ ಗೊತ್ತಾಯ್ತು... ಗಮನದಲ್ಲಿ ಇಟ್ಕೋಬೇಡಿ, ದಯವಿಟ್ಟು. ನಾಳೆ ಹನ್ನೆರಡಕ್ಕೆ ಬರ್ತೀರೋ ಇಲ್ವೋ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ.

ನಾನು ಮೇಜಿನ ಅಂಚು ಹಿಡಿದುಕೊಂಡೆ. ನಮ್ಮೂರ ಗಂಡಸೊಬ್ಬ ಹೀಗೆ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

ಗೊಮ್ಮಾರ್: ಏನಂದ್ರಿ? ಅಲ್ಲಪ್ಪ, ನಾನು ಹಾಲೆಂಡಿನವನಲ್ಲ. ಇಲ್ಲೇ ಹುಟ್ಟಿದವನು... ಹೂಂ, ಹೆಂಡ್ತಿ ಹಾಲೆಂಡಿನವಳು, ಇಪ್ಪತ್ತೆರಡು ವರ್ಷ... ಇಲ್ಲ ಇಲ್ಲ, ಅಭ್ಯಾಸ ಆಗೋಗಿದೆ... ಯಾರು? ಅವರಾ?... ಅದು ಒಳ್ಳೆ ಯೋ... ಅಲ್ಲ, ತಾಳಿ. ಹೌದು. ಹೌದು ಅಂತಾನೇ ಬರ್ಕೊಳ್ಳಿ.

ಫೋನು ಮೇಜಿನ ಮೇಲಿಟ್ಟ. ಹಣೆಯಲ್ಲಿ ಬೆವರು.

ಗೊಮ್ಮಾರ್: ತಂಡ ಯಾವುದೂ ಬರಲ್ಲ.

ಹಿಲ್ಕೆ: ಗೊತ್ತಿತ್ತು.

ಗೊಮ್ಮಾರ್: ಪೂರ್ತಿ ಕೇಳು. ರೆಫರಿಗಳಿಗೆ ಓಡಾಡೋಕೆ ಒಂದು ಮೈದಾನ ಬೇಕಂತೆ, ಯಾವ ಊರೂ ಅವರು ಬೇಕು ಅಂದಿಲ್ಲವಂತೆ. ಅವರಿಗೆ ಈಜುಕೊಳ ಬೇಡ, ಹೆಲಿಕಾಪ್ಟರ್ ಅಂತೂ ಯಾರೂ ಕೊಡಲ್ಲ. ನಾಳೆ ಬಂದು ಅಳತೆ ತಗೊಂಡು ಹೋಗ್ತಾರೆ. ಕೊಳವೆ ಈ ಬೇಸಿಗೇಲೇ ಹಾಕಿಸ್ತಾರೆ, ಅರ್ಜಿ ಜೊತೆ ತೋರಿಸೋಕೆ ಒಂದಾದ್ರೂ ಸಿದ್ಧವಾದ ಮೈದಾನ ಬೇಕಂತೆ.

ಹಿಲ್ಕೆ: ‘ಹಾಕಿಸ್ತೀವಿ’ ಅಂದ್ರಾ, ‘ನೋಡೋಣ’ ಅಂದ್ರಾ?

ಗೊಮ್ಮಾರ್: ‘ಹಾಕಿಸ್ತೀವಿ’ ಅಂದ್ರು. ಹೇಳುವಾಗ ದನಿ ನಡುಗ್ತಿತ್ತು, ಪಾಪ.

ನಾನು: ಇಡೀ ವಿಶ್ವಕಪ್ಪಲ್ಲಿ ನಮ್ಮೂರ ಪಾಲಿಗೆ ರೆಫರಿಗಳಾ! ನಮ್ಮ ಜನ ಬೇಲಿ ಹೊರಗೆ ನಿಂತು ಬೈಯೋಕೆ ಟಿಕೆಟ್ ಇಟ್ರೂ ಬರ್ತಾರೆ.

ಹಿಲ್ಕೆ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಗಂಡನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ಬೆನ್ನಿಗೆ ಗುದ್ದಿದಳು, ಮತ್ತೆ ಮುತ್ತು ಕೊಟ್ಟಳು. ಗೊಮ್ಮಾರ್ ಅಂದುಕೊಂಡಿರಬೇಕು, ಬಚಾವಾದೆ ಎಂದು. ನಾನೂ ಹಾಗೇ ಅಂದುಕೊಂಡೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟಳು.

ಹಿಲ್ಕೆ: ಈಗ ನೀನು.

ಗೊಮ್ಮಾರ್: ಹಿಲ್ಕೆ, ಒಂದು ದಿನಕ್ಕೆ ಒಂದು ನೇರ ಮಾತು ಸಾಕು.

ಹಿಲ್ಕೆ: ಅವತ್ತು ನೀನಂದದ್ದು ಹೌದು ಅಂತಾನಾ, ಇಲ್ಲ ಅಂತಾನಾ?

ಗೊಮ್ಮಾರ್ ನನ್ನ ಕಡೆ ನೋಡಿದ. ನಾನು ಮತ್ತೆ ಮೇಜಿನ ಬಟ್ಟೆಗೆ ಶರಣಾದೆ.

ಗೊಮ್ಮಾರ್: ಇಲ್ಲ ಅಂದಿದ್ದೆ.

ಹಿಲ್ಕೆ: ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?

ಗೊಮ್ಮಾರ್: ಸುಮ್ನೆಲ್ಲಿದ್ದೆ? ಇನ್ನೂ ಮೂರು ಸಲ ಹೇಳ್ದೆ. ಒಂದೊಂದು ಸಲ ಹೇಳ್ದಾಗಲೂ ನೀನು ಖುಷಿಯಾಗಿ ಇನ್ನೊಂದಿಷ್ಟು ಜನಾನ ಮದುವೆಗೆ ಕರ್ದೆ. ಆಮೇಲೆ ಒಂದು ಭಾನುವಾರ ಸೈಕಲ್ ತುಳ್ಕೊಂಡು ಗಡಿ ದಾಟಿ ನಿಮ್ಮ ಮನೆಗೆ ಬರ್ತಿದ್ದೆ. ಅರ್ಧ ದಾರೀಲಿ ಭಯ ಆಗಿ ಸೈಕಲ್ಲಿಂದ ಇಳಿದ್ಬಿಟ್ಟೆ.

ಹಿಲ್ಕೆ: ಯಾಕೆ?

ಗೊಮ್ಮಾರ್: ನಾನು ಹೇಳಿದ್ದು ನಿನಗೆ ಎಲ್ಲಿ ಅರ್ಥ ಆಗ್ಬಿಡುತ್ತೋ ಅಂತ. ಇವತ್ತಿನವರೆಗೂ ಅದೇ ಭಯ ಕಣೆ.

ಹಿಲ್ಕೆ ಮೂಗು ಒರೆಸಿಕೊಂಡಳು. ಆಮೇಲೆ ಗಂಡನ ಮುಖದಿಂದ ಕಣ್ಣು ತೆಗೆಯದೆ ಮಾತಾಡಿದಳು.

ಹಿಲ್ಕೆ: ರೊಂಬೌಟ್, ನೀನಿನ್ನು ಮನೆಗೆ ಹೋಗು.