‘ಯೋಚಿಸಲಾಗಿದೆ’ ಎಂಬ ಮೊಹರು

ಕಾಲು ಚಾಚಿ ಕೂತ್ಕೊಳ್ಳಿ ಮಕ್ಕಳೇ, ಆಕಳಿಕೆ ಬಂದರೆ ಬಾಯಿಗೆ ಕೈ ಅಡ್ಡ ಹಿಡೀರಿ; ಇದು ದೊಡ್ಡವರ ವಿಷಯ. ಒಂದು ದೊಡ್ಡಾಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್ ಔಷಧಿಯನ್ನು ಇನ್ನು ಮುಂದೆ ಯೋಚಿಸಿ ಬರೆಯತಕ್ಕದ್ದೆಂದು ಒಂದು ಸೋಮವಾರ ತೀರ್ಮಾನವಾಯಿತು. ಅಲ್ಲಿವರೆಗೆ ಹೇಗೆ ಬರೀತಿದ್ರು ಅಂತ ಯಾರೂ ಕೇಳಲಿಲ್ಲ. ಕೇಳದಿರುವುದೂ ಒಂದು ಮರ್ಯಾದೆ.

ಡಾಕ್ಟರು ಯೋಚಿಸಿದರೋ ಇಲ್ಲವೋ ತಿಳಿಯುವುದು ಹೇಗೆ? ತಲೆ ಬಿಚ್ಚಿ ನೋಡಲಾಗುವುದಿಲ್ಲ. ಆದಕಾರಣ ಪ್ರತಿ ಚೀಟಿಯ ಮೇಲೂ ‘ಯೋಚಿಸಲಾಗಿದೆ’ ಎಂಬ ನೇರಳೆ ಮೊಹರು ಬೀಳತಕ್ಕದ್ದು ಎಂದು ಸುಧಾರಣಾ ಸಮಿತಿ ನಿಯಮ ಮಾಡಿತು. ಬೆಳಗ್ಗೆ ಎಂಬತ್ತು ರೋಗಿಗಳು; ಡಾಕ್ಟರು ಮೊಹರು ಒತ್ತುತ್ತಾ ಕೂತರೆ ಔಷಧಿ ಬರೆಯೋದು ಯಾವಾಗ? ಗುಮಾಸ್ತ ಪುಣ್ಯಾತ್ಮ, ಖಾಲಿ ಚೀಟಿಗಳ ಕಟ್ಟಿಗೇ ಒತ್ತಿಟ್ಟ. ರೋಗಿ ಮನೆಯಲ್ಲಿ ಹಲ್ಲುಜ್ಜುತ್ತಿರುವಾಗಲೇ ಆಸ್ಪತ್ರೆಯಲ್ಲಿ ಅವನ ಬಗ್ಗೆ ಯೋಚಿಸಿ ಮುಗಿದಿರುತ್ತಿತ್ತು. ತಿಂಗಳೊಳಗೆ ಯೋಚನೆ ನೂರಕ್ಕೆ ನೂರು.

ವಾರ್ಡಿನ ನರ್ಸಮ್ಮನಿಗೆ ಮಾತ್ರ ಒಂದು ಕೆಟ್ಟ ಚಟ: ಕಾಗದ ಬಂದರೆ ಓದುವುದು. ಒಂಬತ್ತನೇ ಮಂಚದಲ್ಲಿ ಒಬ್ಬ ದರ್ಜಿ. ಪಾದದ ಗಾಯ ಕೀವಾಗಿ ಕಾಲು ಕುಂಬಳಕಾಯಿ ಆಗಿತ್ತು. ಐದು ದಿನದಿಂದ ಇಂಜೆಕ್ಷನ್ ಹೋಗ್ತಿದ್ದರೂ ಜ್ವರ ಜಗ್ಗಿರಲಿಲ್ಲ. ಆಗ ಲ್ಯಾಬಿನಿಂದ ವರದಿ ಬಂತು: ಈ ಇಂಜೆಕ್ಷನ್‌ಗೆ ಈ ಕ್ರಿಮಿ ಸಾಯುವುದಿಲ್ಲ, ಹಳೇ ಅಗ್ಗದ ಔಷಧಿಗೆ ಸಾಯುತ್ತದೆ.

“ಅಕ್ಕಾ, ನನ್ನ ಅನ್ನ ಈ ಕಾಲಲ್ಲೇ ಇರೋದು,” ಅಂದ ದರ್ಜಿ. “ಹೊಲಿಗೆ ಮಿಷನ್ ಬಾಯಲ್ಲಿ ತುಳಿಯೋಕಾಗುತ್ತಾ?”

ನರ್ಸಮ್ಮ ಓಡಿದಳು. “ಡಾಕ್ಟ್ರೇ, ಔಷಧಿ ಬದಲಾಯಿಸ್ಬೇಕು. ಬೆರಳು ಕಪ್ಪಾಗ್ತಿದೆ.”

“ಚೀಟಿ ಮೇಲೆ ಮೊಹರು ಇದೆಯಾ ಸಿಸ್ಟರ್?”

“ಇದೆ.”

“ಮತ್ತೆ? ಈಗ ಬದಲಾಯಿಸಿದ್ರೆ ಮೊದಲು ಯೋಚಿಸಿರಲಿಲ್ಲ ಅಂತಾಗಲ್ವಾ? ನೂರು ಹೋಗಿ ತೊಂಬತ್ತೊಂಬತ್ತಾಗುತ್ತೆ. ಸಮಿತಿನ ಕೇಳಿ.”

ಸಮಿತಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. “ಅವಕಾಶ ಖಂಡಿತ ಇದೆ. ‘ಮರುಯೋಚಿಸಲಾಗಿದೆ’ ಅಂತ ಬೇರೆ ಮೊಹರು ಬೇಕು. ಮಾಡಿಸೋಕೆ ಕೊಟ್ಟಿದೀವಿ, ಗುರುವಾರ ಬರುತ್ತೆ.”

“ಕಾಲು ಗುರುವಾರದವರೆಗೆ ಕಾಯಲ್ಲ ಸಾರ್.”

“ಕಾಲಿಗೆ ಸ್ವಲ್ಪ ತಿಳಿಸಿ ಹೇಳಮ್ಮಾ.”

ಔಷಧಿ ಕೊಡುವ ಕಿಟಕಿಯವನ ಮುಂದೆ ನರ್ಸಮ್ಮ ಕೈ ಮುಗಿದೂ ನೋಡಿದಳು. “ಮೊಹರಿಲ್ಲದೆ ಕೊಟ್ರೆ ಯೋಚಿಸದೆ ಕೊಟ್ಟಂಗಾಗುತ್ತೆ ಅಕ್ಕಾ,” ಅಂತ ಅವನು ಕಿಟಕಿ ಎಳೆದುಕೊಂಡ.

ಬುಧವಾರ ಕಾಲು ಹೋಯಿತು. ಗುರುವಾರ ಮೊಹರು ಬಂತು. ಶುಕ್ರವಾರ ಪ್ರಕಟಣೆ ಅಂಟಿಸಿದರು: ‘ಒಂಬತ್ತನೇ ಮಂಚದ ಸೋಂಕನ್ನು, ಅದು ಇದ್ದ ಭಾಗದ ಸಮೇತ, ಸಂಪೂರ್ಣ ನಿವಾರಿಸಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.’

ಆಮೇಲೆ ಯಾರ್ಯಾರು ಏನಾದರು ಅಂತೀರಾ? ಡಾಕ್ಟರು ಊರೂರಿಗೆ ಹೋಗಿ ಯೋಚಿಸುವುದು ಹೇಗೆಂದು ಭಾಷಣ ಮಾಡುತ್ತಾರೆ. ಅಧ್ಯಕ್ಷರಿಗೆ ಪ್ರಶಸ್ತಿ ಬಂತು, ಗುಮಾಸ್ತನಿಗೆ ಬಡ್ತಿ. ದರ್ಜಿ ಈಗ ಕೂತಲ್ಲೇ ಕಾಜ ಹೊಲಿಯುತ್ತಾನೆ. ನಿನ್ನ ಪ್ಯಾಂಟಿಗೆ ಅರ್ಧ ಬಟ್ಟೆ ಉಳೀತಲ್ಲಪ್ಪಾ ಅಂತ ಎಲ್ಲರೂ ಸಮಾಧಾನ ಹೇಳಿದರು, ಅವನೂ ಹೌದಲ್ವಾ ಅಂದ. ಕ್ರಿಮಿ ಸುಖವಾಗಿದೆ, ಪಕ್ಕದ ವಾರ್ಡಿಗೂ ಹೋಗಿ ಬರುತ್ತಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನರ್ಸಮ್ಮನನ್ನು ಬೆಡ್‌ಶೀಟ್ ಕೋಣೆಗೆ ಹಾಕಿದ್ದಾರೆ. ಅಲ್ಲಿ ಓದುವಂಥದ್ದು ಏನೂ ಇಲ್ಲ. ಮಡಚುತ್ತಾಳೆ, ಜೋಡಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಬಹಳ ಸುಧಾರಿಸಿದ್ದಾಳೆ ಅಂತ ಎಲ್ಲರೂ ಹೇಳುತ್ತಾರೆ.