ಬಸವೇಶ ಒತ್ತಿದ ನೀಲಿ ಗುಂಡಿ

ಹೆಂಡತಿಯ ಅಡುಗೆಯ ಕೀರ್ತಿಯನ್ನು ಊರಿಗೆಲ್ಲ ಸಾರಲು ಹೊರಟ ಬಸವೇಶ, ಒಂದೇ ಗುಂಡಿ ಒತ್ತಿ ಅವಳ ಮಾನ ಕಳೆದೆನೆಂದು ಬೆವರುತ್ತ ಕೂತಿದ್ದ.

ನಂಜನಗೂಡಿನಲ್ಲಿ ಸರ್ವಮಂಗಳಾಳ ಅಡುಗೆ ಕಂಟ್ರಾಕ್ಟು ಹೆಸರುವಾಸಿ. ತಿ. ನರಸೀಪುರದಿಂದ ಅವಳ ತಂಗಿಯ ಮಗಳು ನಂದಿತಾ ಬಂದು ಒಂದು ವೆಬ್‌ಸೈಟ್ ಮಾಡಿ, ಗಂಡಹೆಂಡಿರಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟು, ಪಾಠವನ್ನೂ ಹೇಳಿದ್ದಳು. ಇದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್; ಕೋಡ್ ಗೀಡ್ ಕಲಿಯಬೇಕಿಲ್ಲ; ಟೈಪ್ ಮಾಡಿ ಫೋಟೋ ಸೇರಿಸಿದರೆ ಪುಟವನ್ನು ಅದೇ ಒಪ್ಪವಾಗಿ ಜೋಡಿಸುತ್ತದೆ; ಡ್ರಾಫ್ಟ್ ಎಂದಿಟ್ಟದ್ದು ಒಳಗೇ ಇರುತ್ತದೆ, ಪಬ್ಲಿಷ್ ಮಾಡಿದ್ದು ಎಲ್ಲರಿಗೂ ಕಾಣುತ್ತದೆ. (ಮನೆಯ ಮ್ಯಾನೇಜ್‌ಮೆಂಟ್ ಯಾರ ಕೈಲಿದೆ ಎಂಬ ಪಾಠ ಬಸವೇಶನಿಗೆ ಬೇಕಿರಲಿಲ್ಲ.)

ಹೆಂಡತಿ ತರಕಾರಿಗೆ ಹೋದದ್ದೇ ತಡ, ಅವನು ಕೈ ಪಳಗಲೆಂದು ತೋಚಿದ್ದು ಬರೆದ: 'ಊರವರ ಮದುವೆಗೆಲ್ಲ ಹೋಳಿಗೆ ಬಡಿಸುವ ಈ ಮಹಾತಾಯಿ ಕಟ್ಟಿಕೊಂಡ ಗಂಡನಿಗೆ ಹಾಕುವುದು ಬರೀ ಉಪ್ಪಿಟ್ಟು. ತಿಂದೂ ತಿಂದೂ ನಾನು ಸೊರಗಿ ಕಡ್ಡಿಯಾಗಿದ್ದೇನೆ.' ಓದಿ ತಾನೇ ನಕ್ಕ. ಉಳಿಸಿಡೋಣವೆಂದು ಕೆಳಗಿನ ನೀಲಿ ಗುಂಡಿ ಒತ್ತಿದ. 'ಸಲ್ಲಿಸಲಾಗಿದೆ' ಎಂದು ಬಂತು. ಅಳಿಸಲು ಹೋದರೆ ಅದು ಬಿಡಲಿಲ್ಲ.

ಪಬ್ಲಿಷ್ ಆಗಿಯೇ ಹೋಯಿತೆಂದುಕೊಂಡ ಬಸವೇಶ. ನರಸೀಪುರದ ಅಮೃತೇಶ್ ಎಂಬವರು ಮಗಳ ನಿಶ್ಚಿತಾರ್ಥದ ಅಡುಗೆಯನ್ನು ಯಾರಿಗೆ ಕೊಡುವುದೆಂದು ಅವತ್ತೇ ವೆಬ್‌ಸೈಟ್ ನೋಡಿ ತೀರ್ಮಾನಿಸುವವರಿದ್ದರು. ಆ ಆರ್ಡರಿಗಾಗಿ ಸರ್ವಮಂಗಳಾ ಹರಕೆ ಹೊರುವುದೊಂದು ಬಾಕಿ. ಅವನು ನಂದಿತಾಳಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದ.

"ನಿಮ್ದು ಬರೀ ಬರೆಯೋ ಪಾಸ್‌ವರ್ಡು ದೊಡ್ಡಪ್ಪ," ಎಂದಳು ಅವಳು. "ಎಡಿಟರ್ ಒಪ್ಪೋವರ್ಗೂ ಹೊರಗಡೆ ಯಾರ್ಗೂ ಕಾಣಲ್ಲ."

ಹೋದ ಜೀವ ಬಂತು. "ಎಡಿಟರ್ ಯಾರವ್ವ?"

"ದೊಡ್ಡಮ್ಮ. ಅವ್ರ ಮೊಬೈಲಿಗೆ ಆಗ್ಲೇ ಹೋಗಿರ್ತದೆ."

ಬಂದ ಜೀವ ಮತ್ತೆ ಹೋಯಿತು.

ಸರ್ವಮಂಗಳಾ ಬಂದಳು. ಚೀಲ ಇಳಿಸಿದಳು. ಕಾಫಿ ಮಾಡಿ ತಂದುಕೊಟ್ಟಳು.

"ಬರ್ದಿರೋದು ಓದ್ದೆ ಕಣ್ರೀ. ಕಾಗುಣಿತ ತಿದ್ದಿ ಪಬ್ಲಿಷ್ ಮಾಡ್ಬುಟ್ಟೆ," ಎಂದಳು. "ಅಮೃತೇಶ್ ಮನೆಯವ್ರು ನೋಡಿ ನಕ್ಕೂ ನಕ್ಕೂ ಸಾಕಾದ್ರಂತೆ. ಅಡುಗೆ ನಮ್ಗೇ ಒಪ್ಸವ್ರೆ."

ಬಸವೇಶನ ಎದೆ ಉಬ್ಬಿತು. ತನ್ನ ಲೇಖನಿಯ ಮಹಿಮೆಯೇ ಇದು. ಠೀವಿಯಿಂದ ವೆಬ್‌ಸೈಟ್ ತೆರೆದ. ಅವನು ಬರೆದ ಒಂದು ಮಾತನ್ನೂ ಅವಳು ತೆಗೆದಿರಲಿಲ್ಲ. ಕೆಳಗೆ 'ಸೊರಗಿದ ಯಜಮಾನರು' ಎಂದು ಬರೆದು ಒಂದು ಫೋಟೋ ಹಾಕಿದ್ದಳು, ಅಷ್ಟೆ. ಅದರಲ್ಲಿ ಅವನು ಊಟ ಮುಗಿಸಿ, ಬನಿಯನ್ ಮೇಲಕ್ಕೆ ಸರಿದದ್ದೂ ಅರಿವಿಲ್ಲದೆ, ಬೋರಲು ಹಾಕಿದ ತಪ್ಪಲೆಯಂಥ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಗೊರಕೆ ಹೊಡೆಯುತ್ತಿದ್ದ.