ಹುಲಿಯಪ್ಪನ ಮನೆಗೆ ಬಂದ ಭೂಕಂಪ

ಸಾಗರದ ದರ್ಜಿ ಹುಲಿಯಪ್ಪನ ಮನೆಯ ಪಡುವಣ ಗೋಡೆ ವಾಲಿಕೊಂಡಿತ್ತು. ಒಂದೇ ಸಲ ಬಿದ್ದುಬಿಟ್ಟಿದ್ದರೆ ಮುಂದಿನ ತಾಪತ್ರಯವೇ ಇರುತ್ತಿರಲಿಲ್ಲ. ಅದು ಊಟಕ್ಕೆ ಕರೆಯಲೆಂದು ಕಾಯುವ ನೆಂಟನ ಹಾಗೆ ಹೋಗಲೂ ಇಲ್ಲ, ಸರಿಯಾಗಿ ಕೂರಲೂ ಇಲ್ಲ. ರಸ್ತೆಯ ಕಡೆಗೆ ಬಾಗಿ ನಿಂತೇ ಇತ್ತು. ಹೆಂಡತಿ ಮಾಸ್ತಮ್ಮ ಒಂದಷ್ಟು ಕಾಲ ಸಹಿಸಿದಳು. ದೀಪಾವಳಿ ಕಳೆದದ್ದೇ ಬಟ್ಟೆಗಂಟು ಕಟ್ಟಿದಳು.

"ಗೋಡೆ ನೆಟ್ಟಗಾದ ದಿನ ಹೇಳಿ ಕಳ್ಸಿ, ಬತ್ತೀನಿ. ಅಲ್ಲೀತನಕ ನೀವಾತು, ನಿಮ್ಮ ಗೋಡೆಯಾತು."

ಹಾಗೆಂದು ಲಾಂಚು ಹತ್ತಿ ಹೊಳೆಯಾಚೆ ಬ್ಯಾಕೋಡಿನ ತವರಿಗೆ ಹೋದವಳು ಅತ್ತಲೇ ಉಳಿದಳು. ಹುಲಿಯಪ್ಪ ಹೆಸರಿಗೆ ಹುಲಿ. ಅಂಗಡಿಯಲ್ಲಿ ಗಿರಾಕಿ ಜೋರಾಗಿ ಕೆಮ್ಮಿದರೂ ಸೂಜಿಯಿಂದ ಬೆರಳು ಚುಚ್ಚಿಕೊಳ್ಳುವ ಆಸಾಮಿ. ಗಂಜಿ ಬೇಯಿಸಿಕೊಂಡು, ಗೋಡೆಯ ಕಡೆ ನೋಡಿ ನಿಟ್ಟುಸಿರು ಬಿಡುತ್ತ ದಿನ ತಳ್ಳುತ್ತಿದ್ದ.

ಅಷ್ಟರಲ್ಲಿ, ಅರವತ್ತೇಳರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಮಿ ನಡುಗಿತು. ಸುದ್ದಿ ಬಂದದ್ದೇ ಸಾಗರದ ಕರುಳು ಚುರುಕ್ ಎಂದಿತು. ಒಂದಲ್ಲ, ಮೂರು ಲಾರಿ ಹೊರಟವು. ಮೊದಲನೆಯದು ನಿವೃತ್ತ ಹೆಡ್‌ಮಾಸ್ತರ ಗಣೇಶಮೂರ್ತಿಗಳ ಪರಿಹಾರ ಸಮಿತಿಯದು. ಎರಡನೆಯದು ಮಹಾಲಕ್ಷ್ಮಮ್ಮನವರ ಮಹಿಳಾ ಮಂಡಳಿಯದು. ಮೂರನೆಯದು ಸಾಮಿಲ್ಲಿನ ಜಯಪ್ಪನ ಯುವಕ ಸಂಘದ್ದು. ಮೂರೂ ಲಾರಿಗಳು ಪೈಪೋಟಿಯ ಮೇಲೆ ಓಡಿ, ಒಂದೇ ಹಳ್ಳಿಗೆ ಹೋಗಿ ನಿಂತವು. ಮೂರರಲ್ಲೂ ಕಂಬಳಿ. ಜೊತೆಗೆ ಮಂಡಳಿಯ ಲಾರಿಯಲ್ಲಿ ಜಾಡಿಗಟ್ಟಲೆ ಅಪ್ಪೆಮಿಡಿ ಉಪ್ಪಿನಕಾಯಿ. ಕಲಸಿಕೊಳ್ಳಲು ಅನ್ನ ಮಾತ್ರ ಯಾರೂ ಒಯ್ದಿರಲಿಲ್ಲ. ಜಯಪ್ಪನ ಲಾರಿಯಲ್ಲಿ ಮುಚ್ಚಿಹೋದ ಮೇಳವೊಂದರ ಯಕ್ಷಗಾನದ ಬಟ್ಟೆಗಳಿದ್ದವು. ಬಿದ್ದ ಮನೆಯ ಕಲ್ಲಿನ ಮೇಲೆ ಕೂತಿದ್ದ ಮುದುಕನೊಬ್ಬ ನೀರು ತರಲು ಒಂದು ಕೊಡ ಕೇಳುತ್ತಲೇ ಇದ್ದ. ಅವನ ಭಾಷೆ ಇವರಿಗೆ ತಿಳಿಯದೆ, ಕೇಳಿದಾಗಲೆಲ್ಲ ಇನ್ನೊಂದು ಕಂಬಳಿ ಹೊದಿಸಿದರು. ಪಕ್ಕದ ಹಳ್ಳಿಯಲ್ಲಿ ಮಕ್ಕಳು ಚಳಿಗೆ ನಡುಗುತ್ತಿದ್ದವು ಎಂಬುದು ವಾಪಸು ಬರುವಾಗ ತಿಳಿಯಿತು.

ಗಣೇಶಮೂರ್ತಿ ಮೇಷ್ಟ್ರಿಗೆ ಇದು ನಿಜವಾಗಿಯೂ ಮನಸ್ಸಿಗೆ ನಾಟಿತು. ಊರಿಗೆ ಬಂದವರೇ ಸಭೆ ಕರೆದರು.

"ನಾವು ಮಾಡಿದ್ದು ಸಹಾಯ ಅಲ್ಲ, ಉಪದ್ರ. ಪಾಠ ಕಲೀಬೇಕು. ಕೊಯ್ನಾದಲ್ಲೂ ಅಣೆಕಟ್ಟು, ನಮ್ಮಲ್ಲೂ ಲಿಂಗನಮಕ್ಕಿ. ನಾಳೆ ಇಲ್ಲೇ ನಡುಗಿದ್ರೆ? ಅದ್ಕೆ ಒಂದು ತಾಲೀಮು ಮಾಡಾಣ. ಬಿದ್ದ ಮನೆ, ಸಿಕ್ಕಿಕೊಂಡ ಸಂತ್ರಸ್ತ, ಎಲ್ಲ ಇರ್ಬೇಕು."

"ಬಿದ್ದ ಮನೆ ಎಲ್ಲಿ ಸಿಗ್ತದೆ ಮೇಷ್ಟ್ರೇ?" ಎಂದರು ಮಹಾಲಕ್ಷ್ಮಮ್ಮ.

ಇಡೀ ಸಭೆಯ ಕಣ್ಣು ಮೂಲೆಯಲ್ಲಿ ಕೂತಿದ್ದ ಹುಲಿಯಪ್ಪನ ಕಡೆ ತಿರುಗಿತು.

"ತಾಲೀಮು ಮುಗಿದ ಸಂಜೇನೇ ಹೊಸ ಗೋಡೆ ಎಬ್ಸೋಕೆ ಶುರು ಮಾಡ್ತೀವಿ. ಇಟ್ಟಿಗೆ, ಹೆಂಚು, ಜನ, ಎಲ್ಲ ಸಮಿತೀದು" ಎಂದು ಮೇಷ್ಟ್ರು ಮಾತು ಕೊಟ್ಟರು. ಹುಲಿಯಪ್ಪನ ಕಣ್ಣ ಮುಂದೆ ಗೋಡೆಯೂ ಮಾಸ್ತಮ್ಮನೂ ಒಟ್ಟಿಗೆ ನೆಟ್ಟಗೆ ನಿಂತರು. ಹೂಂ ಎಂದುಬಿಟ್ಟ. ಸುಮ್ಮನಿರದೆ ಬ್ಯಾಕೋಡಿಗೂ ಹೇಳಿ ಕಳಿಸಿದ: ಬರುವ ಭಾನುವಾರ ಬಾ, ಗೋಡೆ ನೆಟ್ಟಗಾಗುತ್ತದೆ.

ಭಾನುವಾರ ಬೆಳಿಗ್ಗೆಯೇ ಯುವಕ ಸಂಘದವರು ಮಾಡು ಹತ್ತಿದರು. ನೋಡಲು ನಂಬಿಕೆ ಬರುವಷ್ಟು ನಾಲ್ಕು ಹೆಂಚು ತೆಗೆಯುವುದೆಂದು ಮಾತಾಗಿತ್ತು. ನಾಲ್ಕು ತೆಗೆದ ಮೇಲೆ ಜಯಪ್ಪ ರಸ್ತೆಯಲ್ಲಿ ನಿಂತು ತಲೆ ಓರೆ ಮಾಡಿ ನೋಡಿದ.

"ಏ, ಇದು ಮಂಗ ಹಾರಿದಂಗೆ ಕಾಣ್ತದ್ರೋ. ಭೂಕಂಪ ಅನ್ಸಲ್ಲ. ಇನ್ನೊಂಚೂರು ತೆಗೀರಿ."

ಇನ್ನೊಂಚೂರು, ಇನ್ನೊಂಚೂರು ಎನ್ನುತ್ತ ಮಾಡು ಬೋಳಾಯಿತು. ಹುಲಿಯಪ್ಪನನ್ನು ಅಂಗಳದ ಮೂಲೆಯಲ್ಲಿ ಮಂಚದ ಕೆಳಗೆ ಮಲಗಿಸಿ, ಸುತ್ತ ಆ ಹೆಂಚುಗಳನ್ನೇ ಪೇರಿಸಿದರು. "ಜಯಪ್ಪಣ್ಣ, ಗೋಡೆ ಜೋಪಾನ ಮಾರಾಯ್ರೇ" ಎಂದು ಅವನು ಮಂಚದ ಕೆಳಗಿನಿಂದಲೇ ಕೂಗಿದ.

"ಹೆದ್ರಬೇಡ ಹುಲಿಯಪ್ಪ. ಹಗ್ಗ ಕಟ್ಟಿ ಸುಮ್ನೆ ಒಂಚೂರು ಅಲ್ಲಾಡಿಸ್ತೀವಿ, ಮಣ್ಣು ಉದುರ್ಲಿ ಅಂತ."

ಸಾಮಿಲ್ಲಿನಲ್ಲಿ ಮರದ ದಿಮ್ಮಿ ಎಳೆದು ಎಳೆದು ಅಭ್ಯಾಸವಾದ ತೋಳುಗಳು. ಐಸಾ ಎಂದವು. ಗೋಡೆ, ಯಾರಾದರೂ ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದ ಹಾಗೆ, ಧಡಾರನೆ ರಸ್ತೆಗೆ ಮಲಗಿತು.

ಧೂಳು ಇಳಿದಾಗ ನೆರೆದ ಜನ ಚಪ್ಪಾಳೆ ತಟ್ಟಿದರು. "ಏನು ಸಹಜವಾಗಿ ಬಿತ್ತು!" ಎಂದು ಮೇಷ್ಟ್ರು ಮೆಚ್ಚಿಕೊಂಡರು.

ಆದರೆ ಸಂತ್ರಸ್ತನನ್ನು ಮೊದಲು ಎತ್ತುವವರು ಯಾರು ಎಂಬಲ್ಲಿ ಜಗಳ ಹುಟ್ಟಿತು. ಗೋಡೆ ಬೀಳಿಸಿದವರು ನಾವು, ನಮಗೇ ಹಕ್ಕು ಎಂದ ಜಯಪ್ಪ. ನಾವು ಮಂಡಳಿಯವರು ಬೆಳಗಿನಿಂದ ಬ್ಯಾಂಡೇಜು ಸುತ್ತಿಟ್ಟುಕೊಂಡು ಕಾದಿದ್ದೇವೆ ಎಂದರು ಮಹಾಲಕ್ಷ್ಮಮ್ಮ. ಜಗಳ ನಡೆದಿರುವಾಗಲೇ ಹೆಂಚಿನ ಸಂದಿಯಲ್ಲಿದ್ದ ಕೆಂಜಿಗಗಳು ತಮ್ಮ ಮನೆ ಬಿದ್ದದ್ದು ಯಾರಿಂದ ಎಂದು ಹುಡುಕುತ್ತ ಹುಲಿಯಪ್ಪನ ಪಂಚೆಯೊಳಗೆ ಹೊಕ್ಕವು.

"ಅಯ್ಯೋ! ಅಯ್ಯಯ್ಯೋ! ತೆಗೀರ್ರೋ ನನ್ನ!"

"ಕೇಳಿದ್ರಾ? ಎಂಥಾ ಅಭಿನಯ!" ಎಂದು ಜನ ಕಣ್ಣೊರೆಸಿಕೊಂಡರು.

ಕೊನೆಗೆ ತಲೆಯನ್ನು ಮಂಡಳಿಯವರೂ ಕಾಲನ್ನು ಯುವಕ ಸಂಘದವರೂ ಹಿಡಿದು ಎಳೆದದ್ದರಿಂದ ಹುಲಿಯಪ್ಪ ಒಂದೆರಡಂಗುಲ ಉದ್ದವಾಗಿಯೇ ಹೊರಗೆ ಬಂದ. ಮಂಡಳಿಯವರು ಎರಡು ಕೈಗೂ ಕಾಲಿಗೂ ಬ್ಯಾಂಡೇಜು ಸುತ್ತಿದರು. ಬಟ್ಟೆ ಇನ್ನೂ ಉಳಿದಿತ್ತು. ದವಡೆಯಿಂದ ನೆತ್ತಿಯವರೆಗೂ ಬಿಗಿದು ಗಂಟು ಹಾಕಿದರು. ಆಗ ಮೇಷ್ಟ್ರು ಗಂಭೀರವಾಗಿ ಮುಂದೆ ಬಂದರು.

"ಕೊಯ್ನಾ ಕಲಿಸಿದ ಮೊದಲ ಪಾಠ. ಕೊಡೋಕೆ ಮುಂಚೆ ಕೇಳ್ಬೇಕು. ಹೇಳಪ್ಪಾ ಸಂತ್ರಸ್ತ, ನಿನಗೇನು ಬೇಕು?"

"ಊಂ… ಊಂಪ್…" ಎಂದ ಹುಲಿಯಪ್ಪ. ಗಂಟು ಬಿಚ್ಚಿ ಎಂದು ಅವನ ಭಾವ.

"ಉಪ್ಪಿಟ್ಟು ಬೇಕಂತೆ!" ಎಂದು ಯಾರೋ ಕೂಗಿದರು.

ಮೂರೂ ಸಂಘಗಳಿಂದ ಮೂರು ಪಾತ್ರೆ ಉಪ್ಪಿಟ್ಟು ಬಂತು. ಬೆಳಗಿನಿಂದ ಗುಟುಕು ಕಾಫಿಯೂ ಇಲ್ಲದ ಹುಲಿಯಪ್ಪನ ಮೂಗಿನ ಕೆಳಗೆ ಒಗ್ಗರಣೆ ಘಮ್ಮೆಂದಿತು. ಬಾಯಿ ಮಾತ್ರ ತೆರೆಯಲೊಲ್ಲದು. ನೋಡುತ್ತಿದ್ದಂತೆ ಉಪ್ಪಿಟ್ಟನ್ನು ಸ್ವಯಂಸೇವಕರು ಖಾಲಿ ಮಾಡಿದರು. ಅವನಿಗೆ ಪ್ರತಿ ಸಂಘದಿಂದ ಒಂದೊಂದು ಕಂಬಳಿ ಹೊದಿಸಿದರು.

ಇದೇ ಹೊತ್ತಿಗೆ ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಮಾಸ್ತಮ್ಮ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡಳು. ಗೋಡೆ ನೆಟ್ಟಗಾಗಿದೆಯೇ ಎಂದು ಕತ್ತೆತ್ತಿ ನೋಡಿದಳು. ಗೋಡೆ ಇಲ್ಲ. ಮಾಡೂ ಇಲ್ಲ. ಅಂಗಳದಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ದೇಹ, ಸುತ್ತ ಊರ ಜನ. ಗಂಟು ಕೈಯಿಂದ ಜಾರಿತು.

"ಅಯ್ಯೋ ನನ್ನ ಯಜಮಾನ್ರೇ! ಮುರುಕು ಗೋಡೆಗೆ ಮುನಿಸ್ಕಂಡು ಹೋದ್ನಲ್ಲೋ! ಗೋಡೆ ಹಾಳಾಗ್ಲಿ, ನೀವಿದ್ದಿದ್ರೆ ಸಾಕಿತ್ತಲ್ಲೋ!"

ಜನ ಮತ್ತೆ ಚಪ್ಪಾಳೆ ತಟ್ಟಿದರು. ಮಹಾಲಕ್ಷ್ಮಮ್ಮ ಓಡಿಹೋಗಿ ಅವಳಿಗೂ ಒಂದು ಕಂಬಳಿ ಹೊದಿಸಿದರು. ಹುಲಿಯಪ್ಪನಿಗೆ ಮಾತ್ರ, ಕಂಬಳಿಗಳ ಕೆಳಗೆ ಬೆವರುತ್ತಿದ್ದರೂ, ಒಳಗೆ ಎಲ್ಲೋ ತಂಪಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಮಾಸ್ತಮ್ಮ ಅಂಥ ಮಾತು ಆಡಿದ್ದು ಅವನು ಕೇಳಿರಲಿಲ್ಲ. ಇನ್ನೊಂದಿಷ್ಟು ಹೊತ್ತು ಸತ್ತಂತೆಯೇ ಇರೋಣವೆಂದು ಕಣ್ಣು ಮುಚ್ಚಿದ. ಆದರೆ ಉಳಿದ ಒಂದು ಕೆಂಜಿಗ ಕಚ್ಚಿತು. ಹೆಣ ಎದ್ದು ಕುಣಿಯಿತು.

ಸಂಗತಿ ತಿಳಿದ ಮೇಲೆ ಮಾಸ್ತಮ್ಮನ ಅಳು ನಿಂತು ನಾಲಿಗೆ ಹರಿಯಿತು. ಗಂಡನ ದವಡೆಯ ಗಂಟು ಬಿಚ್ಚಿದವಳೇ ಮೇಷ್ಟ್ರ ಎದುರು ನಿಂತಳು.

"ಎಂತ ಮೇಷ್ಟ್ರೇ ಇದು? ವಾಲಿದ ಗೋಡೆ ಆದ್ರೂ ಇತ್ತು. ಈಗ ಆಕಾಶ ಹೊದ್ದು ಮಲಗ್ಬೇಕಾ ನಾವು?"

"ಕೋಪ ಬೇಡ ತಂಗಿ. ಇಟ್ಟಿಗೆ, ಹೆಂಚಿನ ಲಾರಿ ಅಗೋ ಅಲ್ಲಿ ನಿಂತಿದೆ. ಎರಡು ಮಾತಾಡಿ ಮುಗಿಸ್ತೀನಿ, ಕೆಲಸ ಶುರು."

ಮೇಷ್ಟ್ರ ಎರಡು ಮಾತು ಹೊತ್ತು ಇಳಿಯುವವರೆಗೂ ನಡೆಯಿತು. ವಂದನಾರ್ಪಣೆಗೆ ಜಯಪ್ಪ ಎದ್ದು ನಿಂತ. ಆಗ ಕಾಲ ಕೆಳಗೆ ಏನೋ ಗುಡುಗಿತು. ಮೇಜಿನ ಮೇಲಿನ ಲೋಟ ತಾನಾಗಿ ನಡೆದು ಕೆಳಗೆ ಬಿತ್ತು. ಮರುಕ್ಷಣ ಸಂತ್ರಸ್ತ ದಂಪತಿಗಳನ್ನು ಬಿಟ್ಟು ಇಡೀ ಪರಿಹಾರ ವ್ಯವಸ್ಥೆ ದಿಕ್ಕಾಪಾಲಾಗಿ ಓಡಿತು. ಮಹಾಲಕ್ಷ್ಮಮ್ಮ ಜಯಪ್ಪನ ಚಪ್ಪಲಿ ಮೆಟ್ಟಿಕೊಂಡು ಓಡಿದರೆ, ಜಯಪ್ಪ ಬರಿಗಾಲಲ್ಲೇ ಅವರಿಗಿಂತ ಮುಂದಿದ್ದ.

ಭೂಮಿ ಅಷ್ಟಕ್ಕೇ ಸುಮ್ಮನಾಯಿತು. ಊರಿನಲ್ಲಿ ಒಂದು ಹೆಂಚೂ ಜಾರಿರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಜಯಪ್ಪ ಏದುಸಿರು ಬಿಡುತ್ತ ವಾಪಸು ಬಂದ. ಮುಖ ಮದುಮಗನ ಹಾಗೆ ಅರಳಿತ್ತು.

"ಸಿಕ್ತು! ನಿಜವಾದ್ದೇ ಸಿಕ್ತು! ಮೇಷ್ಟ್ರ ಹೊಸ ಮನೆ ಗೋಡೆ ಬಿರುಕು ಬಿಟ್ಟಿದೆ! ನಡೀರಿ, ಲಾರಿ ತೆಗೀರಿ!"

"ಜಯಪ್ಪಣ್ಣ, ಆ ಹೆಂಚು ನಂದಲ್ವಾ?" ಎಂದು ಹುಲಿಯಪ್ಪ ಲಾರಿಯ ಮುಂದೆ ಹೋಗಿ ನಿಂತ.

"ಅಲ್ಲ ಹುಲಿಯಪ್ಪ, ನಿಂದು ಬರೀ ತಾಲೀಮಿನ ಮನೆ. ಕೊಯ್ನಾದಲ್ಲಿ ಮನೆ ಬೀಳ್ದೇ ಇದ್ದೋರೂ ಬಂದು ಕೈ ಒಡ್ಡಿದ್ರು. ಈ ಸಲ ಭೂಕಂಪದಲ್ಲಿ ಹಾಳಾದ ಮನೆಗೆ ಮಾತ್ರ ಕೊಡೋದು. ನಿಂದು ಭೂಕಂಪದಲ್ಲಿ ಬಿತ್ತಾ? ನೀನೇ ಹೇಳು."

ಹುಲಿಯಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಟ್ಟಿಗೆ, ಹೆಂಚು, ಸ್ಟ್ರೆಚರು, ಹೊದಿಸಿದ್ದ ಕಂಬಳಿಗಳು, ಕೊನೆಗೆ ಅವನ ಕೈಕಾಲಿನ ಬ್ಯಾಂಡೇಜು ಕೂಡ ಮೇಷ್ಟ್ರ ಮನೆಗೆ ಹೊರಟವು.

ಬಯಲಾದ ಮನೆಯೊಳಕ್ಕೆ ಮಂಚ ಎಳೆದುಕೊಂಡು ಗಂಡ ಹೆಂಡತಿ ಅದರ ಮೇಲೆ ಕೂತರು. ಮಾಸ್ತಮ್ಮ ಗಂಟಿನಿಂದ ತವರಿನ ಕಡುಬು ತೆಗೆದಳು. "ತಿನ್ನಿ. ಮತ್ತೆ ಬೈತೀನಿ" ಎಂದಳು. ಹುಲಿಯಪ್ಪ ದಿನದ ಮೊದಲ ತುತ್ತನ್ನು ಬಾಯಿಗಿಟ್ಟ. ಅಷ್ಟರಲ್ಲಿ ಮುರಿದ ಗೋಡೆ ದಾಟಿಕೊಂಡು ಗಣೇಶಮೂರ್ತಿ ಮೇಷ್ಟ್ರು ಒಳಗೆ ನುಗ್ಗಿದರು. ಕನ್ನಡಕ ಒಂದೇ ಕಿವಿಗೆ ನೇತಾಡುತ್ತಿತ್ತು, ಹೆಗಲಿನಿಂದ ಶಾಲು ಹೋಗಿತ್ತು.

"ಹುಲಿಯಪ್ಪಾ, ಬಚ್ಚಿಡಪ್ಪ ನನ್ನ! ಕೂದಲೆಳೆಯಷ್ಟು ಬಿರುಕು ಕಣೋ. ಅದಕ್ಕೆ ಮಾಡು ಪೂರ್ತಿ ತೆಗೆದ್ರು! ಹಗ್ಗ ಕಟ್ತಿದ್ರು! ಬೇಡ ಬೇಡ ಅಂದ್ರೆ ಯಾರೂ ಕೇಳಲ್ಲ. ಹೆಂಡ್ತಿ ಮಕ್ಕಳನ್ನ ಷಡ್ಡಕನ ಮನೆಗೆ ಓಡ್ಸಿ, ಹಿತ್ಲಿಂದ ತಪ್ಪಿಸ್ಕಂಡು ಬಂದೆ."

ಮಾಸ್ತಮ್ಮನಿಗೆ ಬೈಯಲು ಬಾಯಿ ತುಂಬ ಮಾತಿದ್ದವು. ಮುದುಕರ ಅವಸ್ಥೆ ಕಂಡು ಅವನ್ನು ನಾಳೆಗಿಟ್ಟಳು. ಮಂಚದ ಮೇಲೆ ಮಲಗಿಸಿ, ತನ್ನ ಸೀರೆಯೊಂದರಿಂದ ಮುಸುಕೆಳೆದಳು. ಹೊರಗೆ ಆಗಲೇ ಗಲಾಟೆ ಕೇಳುತ್ತಿತ್ತು.

"ಇಲ್ಲೇ ಎಲ್ಲೋ ಬಂದಿದಾರೆ! ಆಘಾತದಲ್ಲಿ ಓಡಿದಾರೆ ಪಾಪ!" ಮಹಾಲಕ್ಷ್ಮಮ್ಮ ಬ್ಯಾಂಡೇಜಿನ ಬುಟ್ಟಿ ಹಿಡಿದು ಒಳಗೆ ಬಂದರು. ಹಿಂದೆ ಸ್ಟ್ರೆಚರು ಹೊತ್ತ ಜಯಪ್ಪನ ತಂಡ. "ಹುಲಿಯಪ್ಪ, ಇಲ್ಲಿ ಸಂತ್ರಸ್ತರು ಯಾರಾದ್ರೂ ಇದಾರಾ?"

ಹುಲಿಯಪ್ಪನ ಬಾಯಲ್ಲಿ ಕಡುಬು. ಇಲ್ಲ ಎಂದು ತಲೆಯಾಡಿಸಿದ. ಸುಳ್ಳು ಅಭ್ಯಾಸವಿಲ್ಲದ ತಲೆ, ಅದು ಮಂಚದ ಕಡೆಗೇ ತಿರುಗಿ ಆಡಿತು. ಜಯಪ್ಪ ಮಂಚದತ್ತ ಒಂದು ಹೆಜ್ಜೆ ಇಟ್ಟ.

ಸೀರೆಯೊಳಗಿನಿಂದ ಮೇಷ್ಟ್ರ ಕೈ ಹೊರಗೆ ಬಂದು ಹುಲಿಯಪ್ಪನ ಕಡೆಗೆ ಬೆರಳು ತೋರಿಸಿತು.

"ಕುರುಡ್ರೇನ್ರೋ ನೀವು? ಗೋಡೆ ಇಲ್ಲ, ಮಾಡಿಲ್ಲ, ಇದಕ್ಕಿಂತ ಸಂತ್ರಸ್ತ ಎಲ್ಲಿ ಸಿಗ್ತಾನೆ? ಸಮಿತಿ ಅಧ್ಯಕ್ಷ ಹೇಳ್ತಿದೀನಿ, ಇವನೇ ನಿಜವಾದೋನು! ಎತ್ತಿ!"

"ಬೇಡ! ನನಗೆ ಎಂತದೂ ಬೇಡ! ನಾನು ಚೆನ್ನಾಗಿದೀನಿ!" ಎಂದು ಹುಲಿಯಪ್ಪ ಕಡುಬು ಉಗುಳಿ ಕೂಗಿದ.

ಮಹಾಲಕ್ಷ್ಮಮ್ಮ ಕರುಣೆಯಿಂದ ಅವನ ದವಡೆಗೆ ಕೈ ಹಾಕಿದರು.

"ಪಾಪ. ಕೊಯ್ನಾದಲ್ಲೂ ಎಲ್ರೂ ಹಿಂಗೇ ಕೂಗ್ತಿದ್ರು. ನಮಗೆ ಆಗ ಅರ್ಥ ಆಗ್ಲಿಲ್ಲ."

ಸ್ಟ್ರೆಚರು ರಸ್ತೆಗಿಳಿಯಿತು. ಉಳಿದ ಕಡುಬಿನ ಗಂಟು ಹಿಡಿದುಕೊಂಡು ಮಾಸ್ತಮ್ಮ ಹಿಂದಿನಿಂದ ಓಡಿದಳು. ಮೇಷ್ಟ್ರು ಸೀರೆಯನ್ನು ಕಿವಿಯವರೆಗೂ ಎಳೆದುಕೊಂಡು ಹುಲಿಯಪ್ಪನ ಮಂಚದ ಮೇಲೆ ಪಕ್ಕಕ್ಕೆ ಹೊರಳಿದರು.